ಬಗ್ಗದ ಕುತ್ತಿಗೆ, ಬಗ್ಗಿಸಬಾರದ ಕುತ್ತಿಗೆ: ಶ್ವಾಸನಾಳಕ್ಕೆ ಕೊಳವೆ ಹಾಕುವ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಅರಿವಳಿಕೆ ವಿಭಾಗದಲ್ಲಿ ಸ್ನಾತಕೋತ್ತರ ಓದುತ್ತಿರುವವರು, ಓಟಿ ಟೆಕ್ನೀಷಿಯನ್ನರು, ತುರ್ತು ವಿಭಾಗದ ದಾದಿಯರು ಮತ್ತು ಶಸ್ತ್ರಚಿಕಿತ್ಸೆಗೆ ಮುನ್ನ ತಪಾಸಣೆಗೆ ಬರುವ ರೋಗಿಗಳು ಹಾಗೂ ಅವರ ಮನೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಲಾಗಿದೆ. ಔಷಧಗಳ ಪ್ರಮಾಣ ಹೇಳಿರುವ ಭಾಗಗಳು ವೈದ್ಯರಿಗಾಗಿ ಬರೆದವು. ಉಳಿದವರು ಅವನ್ನು ದಾಟಿ ಮುಂದೆ ಓದಬಹುದು.

ಉಸಿರಾಟಕ್ಕೆಂದು ಶ್ವಾಸನಾಳಕ್ಕೆ ಕೊಳವೆ ಹಾಕುವುದು ಬಾಯಿಯ ಮೂಲಕ. ಹಾಗಿದ್ದರೆ ಕುತ್ತಿಗೆಯ ವಿಚಾರ ಏಕೆ ಬರುತ್ತದೆ?

ಮಾಮೂಲಿ ಲ್ಯಾರಿಂಗೋಸ್ಕೋಪ್ (ನಾಲಿಗೆಯನ್ನು ಸರಿಸಿ ಗಂಟಲು ನೋಡುವ ಬ್ಲೇಡಿನ ಉಪಕರಣ) ಹಿಡಿದ ವೈದ್ಯರು ರೋಗಿಯ ತಲೆಯ ಹಿಂದೆ ನಿಂತು, ಬಾಯಿಯ ಮೂಲಕ ಧ್ವನಿಪೆಟ್ಟಿಗೆಯನ್ನು ತಮ್ಮ ಕಣ್ಣಿನಿಂದಲೇ ನೇರವಾಗಿ ಕಾಣಬೇಕು. ಕಣ್ಣಿನ ನೋಟ ತಿರುವು ತೆಗೆದುಕೊಳ್ಳುವುದಿಲ್ಲ. ಬಾಯಿಯಿಂದ ಗಂಟಲಿಗೆ ಹೋಗುವ ದಾರಿಯಾದರೋ ಸಹಜವಾಗಿ ಸುಮಾರು ಲಂಬಕೋನದಷ್ಟು ತಿರುಗುತ್ತದೆ. ಈ ತಿರುವನ್ನು ಆದಷ್ಟು ನೇರ ಮಾಡಲೆಂದೇ ತಲೆಯ ಕೆಳಗೆ ದಿಂಬಿಟ್ಟು ಕುತ್ತಿಗೆಯನ್ನು ಎದೆಯ ಕಡೆಗೆ ಸುಮಾರು 35 ಡಿಗ್ರಿ ಬಗ್ಗಿಸಿ, ಮುಖವನ್ನು ಸುಮಾರು 15 ಡಿಗ್ರಿ ಹಿಂದಕ್ಕೆ ವಾಲಿಸುವ ಭಂಗಿ ರೂಢಿಗೆ ಬಂದಿತು. ಬಾಯಿ, ಗಂಟಲು ಮತ್ತು ಧ್ವನಿಪೆಟ್ಟಿಗೆಯ ಮೂರು ಅಕ್ಷಗಳು ಈ ಭಂಗಿಯಲ್ಲಿ ಒಂದೇ ಸಾಲಿಗೆ ಬರುತ್ತವೆ ಎಂಬ ವಿವರಣೆಯನ್ನು ಬ್ಯಾನಿಸ್ಟರ್ ಮತ್ತು ಮ್ಯಾಕ್‌ಬೆತ್ 1944ರಲ್ಲಿ ಕೊಟ್ಟರು. 2001ರಲ್ಲಿ ಎಂಆರ್‌ಐ ಚಿತ್ರಗಳನ್ನಿಟ್ಟು ಪರೀಕ್ಷಿಸಿದ ಫ್ರಾನ್ಸಿನ ವೈದ್ಯರು ಅಕ್ಷಗಳು ನಿಜವಾಗಿ ಹಾಗೆ ಒಂದಾಗುವುದಿಲ್ಲ ಎಂದು ತೋರಿಸಿದರಾದರೂ, ತಲೆ ಹಿಂದಕ್ಕೆ ವಾಲದ ರೋಗಿಯಲ್ಲಿ ನೋಟ ಕೆಡುತ್ತದೆ ಎಂಬ ಅನುಭವದ ಮಾತು ಮಾತ್ರ ಹಾಗೆಯೇ ನಿಂತಿದೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಲ್ಯಾರಿಂಗೋಸ್ಕೋಪಿಯ ಸಮಯದಲ್ಲಿ ತಲೆ ಹಿಂದಕ್ಕೆ ವಾಲುವುದು ಬಹುಪಾಲು ತಲೆಬುರುಡೆ ಮತ್ತು ಮೊದಲ ಕಶೇರುಕದ (ಕುತ್ತಿಗೆಯ ಮೇಲ್ತುದಿಯ ಬೆನ್ನುಮಣಿಯ) ನಡುವೆ, ಹಾಗೂ ಮೊದಲ ಎರಡು ಕಶೇರುಕಗಳ ನಡುವೆ. ಆದ್ದರಿಂದ ಐದು ಮತ್ತು ಆರನೆಯ ಕಶೇರುಕಗಳಿಗೆ ಪ್ಲೇಟ್ ಹಾಕಿಸಿಕೊಂಡವರಲ್ಲಿ ಕೊಳವೆ ಹಾಕುವುದು ನಾವು ಹೆದರಿದಷ್ಟು ಕಷ್ಟವಾಗದೆ ಇರಬಹುದು. ಮೇಲಿನ ಕೀಲುಗಳು ಬಿಗಿದವರಲ್ಲಿ ಮಾತ್ರ ಹೊರನೋಟಕ್ಕೆ ಕುತ್ತಿಗೆ ಚೆನ್ನಾಗಿಯೇ ಆಡುವಂತೆ ಕಂಡರೂ ಓಟಿಯಲ್ಲಿ ಏನೂ ಕಾಣಿಸದೆ ಹೋಗಬಹುದು.

ಯಾವ ಯಾವ ರೋಗಿಗಳಲ್ಲಿ ಈ ತೊಂದರೆ ಎದುರಾಗುತ್ತದೆ?

ಮೊದಲು ಇವರನ್ನು ಎರಡು ಗುಂಪಾಗಿ ಬೇರ್ಪಡಿಸಿಕೊಳ್ಳಬೇಕು, ಏಕೆಂದರೆ ಈ ಎರಡನ್ನು ಬೆರೆಸಿದಾಗಲೇ ಗೊಂದಲ ಹುಟ್ಟುತ್ತದೆ. ಮೊದಲನೆಯದು ಬಗ್ಗದ ಕುತ್ತಿಗೆ: ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಿಂದ ಬೆನ್ನುಮೂಳೆಯೆಲ್ಲ ಒಂದೇ ಕೋಲಿನಂತೆ ಬೆಸೆದುಕೊಂಡವರು, ಸುಟ್ಟಗಾಯ ಮಾಗುವಾಗ ಗದ್ದ ಎದೆಗೆ ಅಂಟಿದಂತಾದವರು, ಬಾಯಿ ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆದು ಕುತ್ತಿಗೆಯ ಮುಂಭಾಗ ಮರದಂತೆ ಗಟ್ಟಿಯಾದವರು, ಹಲವು ವರ್ಷಗಳ ಸಕ್ಕರೆ ಕಾಯಿಲೆಯಿಂದ ಕೀಲುಗಳು ಬಿಗಿದವರು, ಹುಟ್ಟಿನಿಂದಲೇ ಕುತ್ತಿಗೆಯ ಮೂಳೆಗಳು ಕೂಡಿಕೊಂಡಿರುವ ಕ್ಲಿಪೆಲ್–ಫೈಲ್ ಮಕ್ಕಳು. ಎರಡನೆಯದು ಬಗ್ಗಿಸಬಾರದ ಕುತ್ತಿಗೆ: ರಸ್ತೆ ಅಪಘಾತದಲ್ಲಿ ಅಥವಾ ತೆಂಗಿನ ಮರದಿಂದ ಬಿದ್ದು ಕುತ್ತಿಗೆಯ ಮೂಳೆ ಮುರಿದವರು, ಕುತ್ತಿಗೆಯ ಕಶೇರುಕಕ್ಕೆ ಕ್ಷಯ ತಗುಲಿದವರು, ರುಮಟಾಯ್ಡ್ ಸಂಧಿವಾತದಿಂದ ಮೊದಲೆರಡು ಕಶೇರುಕಗಳ ನಡುವಿನ ಕಟ್ಟು ಸಡಿಲಗೊಂಡವರು.

ಮೊದಲ ಗುಂಪಿನಲ್ಲಿ ಭಯ ಕೊಳವೆ ಹೋಗದಿರುವುದರದ್ದು. ಎರಡನೆಯ ಗುಂಪಿನಲ್ಲಿ ಭಯ ಬೆನ್ನುಹುರಿಯದ್ದು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರು ಬಚ್ಚಲಲ್ಲಿ ಜಾರಿ ಬಿದ್ದು ಕುತ್ತಿಗೆ ಮುರಿದುಕೊಂಡು ಬಂದಾಗ ಎರಡು ಭಯಗಳೂ ಒಬ್ಬರಲ್ಲೇ ಕೂಡುತ್ತವೆ. ನನ್ನ ದೃಷ್ಟಿಯಲ್ಲಿ ಅರಿವಳಿಕೆ ತಜ್ಞರಿಗೆ ಎದುರಾಗುವ ಅತಿ ಕಠಿಣ ಸಂದರ್ಭಗಳಲ್ಲಿ ಅದೊಂದು.

ತಪಾಸಣೆಯಲ್ಲಿ ಕುತ್ತಿಗೆಯನ್ನು ಹೇಗೆ ಅಳೆಯುತ್ತೀರಿ?

ಉಪಕರಣಗಳಿಗಿಂತ ಮೊದಲು ಪ್ರಶ್ನೆಗಳು ಬರುತ್ತವೆ. ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿಯಲು ಆಗುತ್ತದೆಯೇ ಎಂದು ಕೇಳಿದರೆ, ತಲೆ ಎಷ್ಟು ಹಿಂದಕ್ಕೆ ವಾಲುತ್ತದೆ ಎಂಬುದರ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ರಾತ್ರಿ ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಯೇ, ತಲೆ ತಿರುಗಿಸಿದಾಗ ಕೈಗೆ ಜೋಮು ಹಿಡಿಯುತ್ತದೆಯೇ ಅಥವಾ ಮಿಂಚು ಹೊಡೆದಂತಾಗುತ್ತದೆಯೇ ಎಂಬುವೂ ಅಷ್ಟೇ ಮುಖ್ಯ. ಜೋಮು ಅಥವಾ ಮಿಂಚಿನ ಅನುಭವ ಇದೆ ಎಂದವರನ್ನು ‘ಇನ್ನೂ ಸ್ವಲ್ಪ ಬಗ್ಗಿಸಿ ತೋರಿಸಿ’ ಎಂದು ಒತ್ತಾಯಿಸಬಾರದು.

ಬಳಿಕ ಪರೀಕ್ಷೆಗಳು. ಬಾಯಿಯಲ್ಲಿ ಮೂರು ಬೆರಳು ಅಡ್ಡಲಾಗಿ ಹಿಡಿಯುತ್ತವೆಯೇ, ಕೆಳಗಿನ ಹಲ್ಲಿನಿಂದ ಮೇಲ್ದುಟಿಯನ್ನು ಕಚ್ಚಲು ಆಗುತ್ತದೆಯೇ, ಗದ್ದದ ತುದಿಯಿಂದ ಥೈರಾಯ್ಡ್ ಮೃದ್ವಸ್ಥಿಯವರೆಗೆ 6.5 ಸೆಂಟಿಮೀಟರ್ ಅಂತರ ಇದೆಯೇ ಎಂದು ನೋಡುತ್ತೇವೆ. ನಾಲಿಗೆ ಚಾಚಿಸಿ ಗಂಟಲು ನೋಡುವ, ಆಂಧ್ರ ಮೂಲದ ಶೇಷಗಿರಿ ಮಲ್ಲಂಪಾಟಿ ಅವರು 1985ರಲ್ಲಿ ವಿವರಿಸಿದ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ. ಸಕ್ಕರೆ ಕಾಯಿಲೆಯವರಿಗೆ ಕೈ ಮುಗಿಯಲು ಹೇಳಿ ಅಂಗೈಗಳ ನಡುವೆ ಸಂದು ಉಳಿಯುತ್ತದೆಯೇ ಎಂದು ಗಮನಿಸುವುದು ಅರ್ಧ ನಿಮಿಷದ ಕೆಲಸ. ಅಡಕೆ, ಗುಟ್ಕಾ ಜಗಿಯುವವರಲ್ಲಿ ಬಾಯಿಯ ಒಳಪದರ ನಾರುಗಟ್ಟಿ ಬಾಯಿ ತೆರೆಯದಂತಾಗುವುದು ನಮ್ಮ ಕಡೆ ಸಾಮಾನ್ಯ. ಕುತ್ತಿಗೆಯ ಬಿಗಿತದ ಜೊತೆ ಇದೂ ಸೇರಿತೆಂದರೆ ಬಾಯಿಯ ಮೂಲಕ ಹೋಗುವ ಬಹುತೇಕ ಉಪಾಯಗಳನ್ನು ಕೈಬಿಡಬೇಕಾಗುತ್ತದೆ.

ಬಹಳ ಮಂದಿ ಮರೆಯುವ ಕೊನೆಯ ಪರೀಕ್ಷೆ ಕುತ್ತಿಗೆಯ ಮುಂಭಾಗದ್ದು. ಎಲ್ಲ ಕೈಕೊಟ್ಟಾಗ ಚಾಕು ಇಡಬೇಕಾದ ಕ್ರೈಕೋಥೈರಾಯ್ಡ್ ಪೊರೆ (ಧ್ವನಿಪೆಟ್ಟಿಗೆಯ ಕೆಳಭಾಗದ ತೆಳು ಪೊರೆ) ಬೆರಳಿಗೆ ಸಿಗುತ್ತದೆಯೇ? ಗದ್ದ ಎದೆಗೆ ತಾಗಿರುವ ರೋಗಿಯಲ್ಲಿ ಅಲ್ಲಿಗೆ ಬೆರಳೂ ಹೋಗುವುದಿಲ್ಲ. ಕೊನೆಯ ದಾರಿಯೇ ಮುಚ್ಚಿದೆ ಎಂಬುದು ತಪಾಸಣೆಯ ದಿನವೇ ತಿಳಿದಿರಬೇಕು, ಉಸಿರು ನಿಂತ ಮೇಲಲ್ಲ.

ಎಲ್ಲರಿಗೂ ಎಕ್ಸ್‌ರೇ ಅಥವಾ ಸಿಟಿ ಬೇಕೇ?

ಬೇಡ. ರುಮಟಾಯ್ಡ್ ಸಂಧಿವಾತ ಹಲವು ವರ್ಷಗಳಿಂದ ಇರುವವರಿಗೆ, ಕೈಕಾಲಿನ ಬಲ ಅಥವಾ ಸ್ಪರ್ಶದಲ್ಲಿ ವ್ಯತ್ಯಾಸ ಇರುವವರಿಗೆ ಕುತ್ತಿಗೆಯನ್ನು ಬಗ್ಗಿಸಿ ಮತ್ತು ಎತ್ತಿ ತೆಗೆದ ಪಕ್ಕದ ಎಕ್ಸ್‌ರೇ ಉಪಯುಕ್ತ. ವಯಸ್ಕರಲ್ಲಿ ಮೊದಲ ಕಶೇರುಕದ ಮುಂಭಾಗಕ್ಕೂ ಎರಡನೆಯದರ ಮೊನೆಗೂ ನಡುವಿನ ಅಂತರ 3 ಮಿಲಿಮೀಟರ್ ಮೀರಿದರೆ ಕೀಲು ಜಾರುತ್ತಿದೆ ಎಂದರ್ಥ. ಈ ಬಗೆಯ ಜಾರುವಿಕೆ ಬಹುತೇಕರಲ್ಲಿ ಹೆಚ್ಚುವುದು ತಲೆ ಮುಂದಕ್ಕೆ ಬಗ್ಗಿದಾಗ. ಹೀಗಾಗಿ ಅರಿವಳಿಕೆಯಲ್ಲಿರುವ ಇಂಥ ರೋಗಿಯ ತಲೆಯ ಕೆಳಗೆ ದಪ್ಪ ದಿಂಬು ತುರುಕುವುದು ಲ್ಯಾರಿಂಗೋಸ್ಕೋಪಿಗಿಂತ ಹೆಚ್ಚಿನ ಹಾನಿ ಮಾಡಬಲ್ಲದು. ಅಪಘಾತದ ರೋಗಿಗಳಲ್ಲಿ ಸಿಟಿ ಸ್ಕ್ಯಾನ್ ಸರಿಯಾದ ಪರೀಕ್ಷೆ, ಆದರೆ ಉಸಿರಾಟ ಕೈಕೊಡುತ್ತಿರುವವರನ್ನು ಸ್ಕ್ಯಾನಿಗೆಂದು ಕಾಯಿಸಬಾರದು. ಮೂಳೆ ಮುರಿದಿದೆ ಎಂದೇ ಭಾವಿಸಿ ಕೆಲಸ ಮುಂದುವರಿಸಬೇಕು.

ಅಪಘಾತದ ರೋಗಿಗೆ ಕುತ್ತಿಗೆಗೆ ಕಾಲರ್ ಹಾಕಿರುತ್ತಾರೆ. ಕೊಳವೆ ಹಾಕುವಾಗ ಅದನ್ನು ತೆಗೆಯಬಹುದೇ?

ಕಾಲರಿನ ಮುಂಭಾಗವನ್ನು ತೆಗೆಯಲೇಬೇಕು. ಬಿಗಿದ ಕಾಲರ್ ಗದ್ದವನ್ನು ಕೆಳಗಿನಿಂದ ಒತ್ತಿಹಿಡಿಯುವುದರಿಂದ ಬಾಯಿ ತೆರೆಯುವುದಿಲ್ಲ, ಕುತ್ತಿಗೆಯ ಮುಂಭಾಗವೂ ಕೈಗೆ ಸಿಗುವುದಿಲ್ಲ. ಆದರೆ ತೆಗೆಯುವ ಮುನ್ನವೇ ಒಬ್ಬ ಸಹಾಯಕರು ತಲೆಯನ್ನು ಹಿಡಿದಿರಬೇಕು. ತಲೆಯ ಬಳಿ ವೈದ್ಯರಿಗೆ ಜಾಗ ಬಿಟ್ಟು, ಮಂಚದ ಪಕ್ಕದಲ್ಲಿ ರೋಗಿಯ ಎದೆಯ ಕಡೆಯಿಂದ ನಿಂತು, ಎರಡೂ ಅಂಗೈಗಳನ್ನು ಕಿವಿಗಳ ಮೇಲೆ ಬರುವಂತೆ ಇಟ್ಟು, ಬೆರಳ ತುದಿಗಳು ಕಿವಿಯ ಹಿಂದಿನ ಮೂಳೆಯನ್ನು ಹಿಡಿಯುವಂತೆ ಮಾಡುವುದು ಅನುಕೂಲಕರ. ಕೆಲಸ ಹಿಡಿಯುವುದಷ್ಟೇ, ಎಳೆಯುವುದಲ್ಲ. ಹಳೆಯ ಪುಸ್ತಕಗಳಲ್ಲಿ ಎಳೆಯಿರಿ ಎಂದಿರುವುದನ್ನು ಓದಿ ಈಗಲೂ ಕೆಲವರು ತಲೆಯನ್ನು ತಮ್ಮತ್ತ ಸೆಳೆಯುತ್ತಾರೆ. ಮೂಳೆಗಳ ನಡುವಿನ ಕಟ್ಟು ಹರಿದಿರುವ ರೋಗಿಯಲ್ಲಿ ಆ ಸೆಳೆತವೇ ಬೆನ್ನುಹುರಿಯನ್ನು ಹಿಗ್ಗಿಸಿಬಿಡಬಹುದು.

ಹೀಗೆ ಹಿಡಿದಾಗ ಧ್ವನಿತಂತುಗಳ ನೋಟ ಖಂಡಿತ ಕೆಡುತ್ತದೆ. ನೋಟ ಕೆಟ್ಟಾಗ ವೈದ್ಯರ ಕೈ ತಾನಾಗಿಯೇ ಹೆಚ್ಚು ಬಲ ಹಾಕುತ್ತದೆ, ಆ ಬಲ ಕಶೇರುಕಗಳಿಗೆ ತಲುಪುತ್ತದೆ. ಆದ್ದರಿಂದ ಪೂರ್ತಿ ಧ್ವನಿಪೆಟ್ಟಿಗೆ ಕಾಣಲೇಬೇಕು ಎಂಬ ಹಟವನ್ನು ಬಿಟ್ಟು, ಎಪಿಗ್ಲಾಟಿಸ್‌ನ (ಧ್ವನಿಪೆಟ್ಟಿಗೆಯ ಮುಚ್ಚಳದ) ಅಂಚು ಕಂಡ ಕೂಡಲೇ ಬೂಜಿಯನ್ನು (ಬಳುಕುವ ತೆಳು ಕಡ್ಡಿಯನ್ನು) ಅದರಡಿ ತೂರಿಸಿ, ಅದರ ಮೇಲೆ ಕೊಳವೆ ಇಳಿಸುವುದು ಒಳ್ಳೆಯ ಅಭ್ಯಾಸ. ಕ್ಯಾಮೆರಾ ಇರುವ ವಿಡಿಯೋ ಲ್ಯಾರಿಂಗೋಸ್ಕೋಪ್ ಇದ್ದರೆ ಮೊದಲ ಪ್ರಯತ್ನಕ್ಕೇ ಅದನ್ನು ಬಳಸಬೇಕು. ಎರಡನೆಯ ಪ್ರಯತ್ನಕ್ಕೆಂದು ಕಪಾಟಿನಲ್ಲಿ ಇಡುವುದರಲ್ಲಿ ಅರ್ಥವಿಲ್ಲ.

ಕೊಳವೆ ಹಾಕಿದ್ದರಿಂದಲೇ ಕೈಕಾಲು ಬಿದ್ದುಹೋಯಿತು ಎಂದು ಕೇಳಿದ್ದೇವೆ. ಇದು ನಿಜವೇ?

ಅಂಥ ವರದಿಗಳು ಇವೆ, ಆದರೆ ವಿರಳ. ಅಪಘಾತದ ರೋಗಿಯ ಬೆನ್ನುಹುರಿ ಮತ್ತಷ್ಟು ಕೆಡಲು ಬೇರೆ ಕಾರಣಗಳೂ ಇರುತ್ತವೆ: ರಕ್ತದ ಒತ್ತಡ ಕುಸಿದು ಹುರಿಗೆ ರಕ್ತ ಸಾಲದೆ ಹೋಗುವುದು, ಆಮ್ಲಜನಕ ಇಳಿಯುವುದು, ಊತ ಏರುವುದು, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಗಂಟೆಗಟ್ಟಲೆ ಕುತ್ತಿಗೆ ತಪ್ಪು ಭಂಗಿಯಲ್ಲಿರುವುದು. ಅಮೆರಿಕದಲ್ಲಿ ಅರಿವಳಿಕೆಗೆ ಸಂಬಂಧಿಸಿದ ಪರಿಹಾರ ದಾವೆಗಳನ್ನು ಪರಿಶೀಲಿಸಿದವರು, ಕುತ್ತಿಗೆಯ ಬೆನ್ನುಹುರಿಗೆ ಹಾನಿಯಾದ ಬಹುಪಾಲು ಪ್ರಕರಣಗಳಲ್ಲಿ ಕುತ್ತಿಗೆಯ ಮೂಳೆ ಅಸ್ಥಿರವಾಗಿರಲೇ ಇಲ್ಲ ಎಂಬುದನ್ನು ಕಂಡರು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮಾಸ್ಕ್ ಹಿಡಿದು ಗಾಳಿ ಕೊಡುವಾಗ ಗದ್ದ ಎತ್ತುವುದು, ದವಡೆಯನ್ನು ಮುಂದಕ್ಕೆ ತಳ್ಳುವುದು ಇವುಗಳಿಂದಲೂ ಮುರಿದ ಕಶೇರುಕಗಳು ಲ್ಯಾರಿಂಗೋಸ್ಕೋಪಿಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೇ ಅಲುಗುತ್ತವೆ ಎಂದು ಮೃತದೇಹಗಳ ಮೇಲೆ ನಡೆಸಿದ ಅಧ್ಯಯನಗಳು ತೋರಿಸಿವೆ. ಕೊಳವೆ ಹಾಕಲು ಹೆದರಿ ಹತ್ತು ನಿಮಿಷ ಮಾಸ್ಕಿನಲ್ಲೇ ಒದ್ದಾಡುವುದು ಕುತ್ತಿಗೆಯನ್ನು ಕಾಪಾಡಿದಂತಾಗುವುದಿಲ್ಲ. ಬಗ್ಗಿಸಬಾರದ ಕುತ್ತಿಗೆಯ ರೋಗಿಗೂ ಮೊದಲ ಅಗತ್ಯ ಆಮ್ಲಜನಕವೇ. ಆಮ್ಲಜನಕ 80ಕ್ಕೆ ಇಳಿಯುತ್ತಿರುವಾಗ ತಲೆ ಎರಡು ಡಿಗ್ರಿ ಅಲುಗಿತೇ ಎಂದು ಲೆಕ್ಕ ಹಾಕುವುದು ಆದ್ಯತೆಯನ್ನು ತಲೆಕೆಳಗು ಮಾಡಿದಂತೆ.

ಎಚ್ಚರವಿರುವಾಗಲೇ ಕೊಳವೆ ಹಾಕುತ್ತೇವೆ ಎಂದಿದ್ದಾರೆ. ಅದು ಹಿಂಸೆಯಲ್ಲವೇ?

ಮನೆಯವರು ಅತಿ ಹೆಚ್ಚು ಹೆದರುವುದು ಈ ಮಾತಿಗೆ. ಸಿದ್ಧತೆ ಸರಿಯಾಗಿ ನಡೆದರೆ ಹಿಂಸೆಯಾಗುವುದಿಲ್ಲ. ಅವಸರದಲ್ಲಿ ಮಾಡಿದರೆ ಖಂಡಿತ ಆಗುತ್ತದೆ. ಎಚ್ಚರವಿರುವವರು ತಮ್ಮ ಉಸಿರನ್ನು ತಾವೇ ಎಳೆದುಕೊಳ್ಳುತ್ತಾರೆ, ಗಂಟಲಿನ ಸ್ನಾಯುಗಳು ದಾರಿಯನ್ನು ತೆರೆದಿಟ್ಟಿರುತ್ತವೆ, ಕುತ್ತಿಗೆಯನ್ನು ಕಾಯಲು ಅವರದೇ ಸ್ನಾಯುಗಳ ಬಿಗಿತ ಇರುತ್ತದೆ. ಪ್ರಯತ್ನ ವಿಫಲವಾದರೂ ನಿಲ್ಲಿಸಿ ಬೇರೆ ದಿನ, ಬೇರೆ ಉಪಾಯ ಯೋಚಿಸಲು ಅವಕಾಶ ಉಳಿಯುತ್ತದೆ. ಮೈ ಸಡಿಲಿಸುವ ಔಷಧ ಕೊಟ್ಟ ಮೇಲೆ ಈ ಅವಕಾಶ ಇರುವುದಿಲ್ಲ.

ಈ ವಿಧಾನದ ಹುಟ್ಟೂ ಇಂಥದ್ದೇ ಒಬ್ಬ ರೋಗಿಯಿಂದ ಆದದ್ದು. 1967ರಲ್ಲಿ ಇಂಗ್ಲೆಂಡಿನ ಪೀಟರ್ ಮರ್ಫಿ ಎಂಬ ಅರಿವಳಿಕೆ ವೈದ್ಯರು, ಸಂಧಿವಾತದ ಒಂದು ಬಗೆಯಾದ ಸ್ಟಿಲ್ ಕಾಯಿಲೆಯಿಂದ ಕೀಲುಗಳು ಬಿಗಿದ ರೋಗಿಯೊಬ್ಬರಿಗೆ, ಪಿತ್ತನಾಳ ನೋಡಲೆಂದು ತಯಾರಾಗಿದ್ದ ಬಳುಕುವ ದರ್ಶಕದ ಮೇಲೆ ಕೊಳವೆಯನ್ನು ಪೋಣಿಸಿ ಮೂಗಿನ ಮೂಲಕ ಶ್ವಾಸನಾಳಕ್ಕೆ ಇಳಿಸಿದರು.

ಈಗ ಅದು ನಡೆಯುವ ಬಗೆ ಹೀಗಿದೆ. ಸುಮಾರು ಅರ್ಧ ಗಂಟೆ ಮುಂಚೆ ಗ್ಲೈಕೋಪೈರೋಲೇಟ್ 0.2 ಮಿಲಿಗ್ರಾಂ ಕೊಟ್ಟು ಜೊಲ್ಲನ್ನು ಒಣಗಿಸುತ್ತಾರೆ, ಏಕೆಂದರೆ ಜೊಲ್ಲಿರುವ ಜಾಗಕ್ಕೆ ಮರಗಟ್ಟಿಸುವ ಔಷಧ ಅಂಟುವುದಿಲ್ಲ. ರೋಗಿಯನ್ನು ಒರಗಿ ಕೂರಿಸಿ, ಒಂದೊಂದೇ ಹೊಳ್ಳೆ ಮುಚ್ಚಿ ಉಸಿರೆಳೆಯಲು ಹೇಳಿ, ಯಾವ ಹೊಳ್ಳೆಯಲ್ಲಿ ಗಾಳಿ ಸಲೀಸಾಗಿ ಆಡುತ್ತದೆ ಎಂದು ನೋಡುತ್ತಾರೆ. ಮೂಗಿಗೆ ಕ್ಸೈಲೋಮೆಟಾಜೋಲಿನ್ ಹನಿ, ಬಾಯಿಗೆ ಮರಗಟ್ಟಿಸುವ ಲಿಗ್ನೋಕೇಯ್ನ್ ಜೆಲ್ಲಿ ಅಥವಾ ಸ್ಪ್ರೇ. ಔಷಧ ಕಹಿ, ನಾಲಿಗೆ ದಪ್ಪವಾದಂತೆ, ನುಂಗಲು ಬಾರದಂತೆ ಅನಿಸುತ್ತದೆ, ಉಸಿರು ನಿಂತಿತೇನೋ ಎಂಬ ಗಾಬರಿಯೂ ಕೆಲವರಿಗೆ ಬರುತ್ತದೆ. ಅದನ್ನು ಮೊದಲೇ ಹೇಳಿಟ್ಟರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ದನಿ ಗೊಗ್ಗರಾಗಿ, ಕೆಮ್ಮು ಸಪ್ಪೆಯಾದಾಗ ಧ್ವನಿಪೆಟ್ಟಿಗೆ ಮರಗಟ್ಟಿದೆ ಎಂದು ತಿಳಿಯಬೇಕು. ಮೂಗಿನಲ್ಲಿ ಆಮ್ಲಜನಕ ಕೊನೆಯವರೆಗೂ ಹರಿಯುತ್ತಿರುತ್ತದೆ.

ಬೆಚ್ಚನೆಯ ಸಲೈನಿನಲ್ಲಿ ಅದ್ದಿ ಮೆದುವಾಗಿಸಿದ ಕೊಳವೆಯನ್ನು ಪೋಣಿಸಿಕೊಂಡ ದರ್ಶಕ ಧ್ವನಿತಂತುಗಳ ನಡುವೆ ಸಾಗಿ, ಶ್ವಾಸನಾಳದ ಉಂಗುರಗಳೂ ಅದು ಕವಲೊಡೆಯುವ ಜಾಗವೂ ಕಂಡ ಮೇಲೆ ಕೊಳವೆಯನ್ನು ಜಾರಿಸುತ್ತಾರೆ. ಇಲ್ಲಿ ಕೊಳವೆ ಮುಂದೆ ಹೋಗದೆ ತಡೆದರೆ ಅದರ ತುದಿ ಸಾಮಾನ್ಯವಾಗಿ ಬಲಗಡೆಯ ಅರಿಟಿನಾಯ್ಡ್‌ಗೆ (ಧ್ವನಿಪೆಟ್ಟಿಗೆಯ ಹಿಂಬದಿಯ ಮೃದ್ವಸ್ಥಿಗೆ) ಸಿಕ್ಕಿರುತ್ತದೆ. ಒತ್ತದೆ, ಸ್ವಲ್ಪ ಹಿಂದಕ್ಕೆಳೆದು, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ 90 ಡಿಗ್ರಿ ತಿರುಗಿಸಿದರೆ ಬಿಡಿಸಿಕೊಳ್ಳುತ್ತದೆ. ಕ್ಯಾಪ್ನೋಗ್ರಾಫಿನಲ್ಲಿ (ಹೊರಬರುವ ಉಸಿರನ್ನು ಅಳೆಯುವ ಯಂತ್ರದಲ್ಲಿ) ಇಂಗಾಲದ ಡೈಆಕ್ಸೈಡಿನ ಅಲೆ ಕಂಡ ಬಳಿಕ, ಕುತ್ತಿಗೆ ಮುರಿದ ರೋಗಿಗೆ ಕೈಬೆರಳು ಕಾಲ್ಬೆರಳು ಆಡಿಸಲು ಹೇಳಿ, ಆಡಿಸಿದ್ದನ್ನು ನೋಡಿ ಬರೆದಿಟ್ಟು, ಆಮೇಲೆಯೇ ನಿದ್ದೆಯ ಔಷಧ ಕೊಡಬೇಕು. ಎಚ್ಚರದ ವಿಧಾನದ ದೊಡ್ಡ ಲಾಭಗಳಲ್ಲಿ ಇದೂ ಒಂದು.

ಲಿಗ್ನೋಕೇಯ್ನ್ ಎಷ್ಟು ಕೊಡಬಹುದು?

ಎಚ್ಚರದ ವಿಧಾನಕ್ಕೆ, ಕೊಬ್ಬಿಲ್ಲದ ದೇಹತೂಕದ ಪ್ರತಿ ಕಿಲೋಗೆ 9 ಮಿಲಿಗ್ರಾಂ ಮೀರಬಾರದು ಎಂದು ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ ಸೊಸೈಟಿ ಹೇಳುತ್ತದೆ. ಅದು ತಲುಪಬೇಕಾದ ಗುರಿಯಲ್ಲ, ದಾಟಬಾರದ ಮಿತಿ. 50 ಕಿಲೋ ಲೆಕ್ಕಕ್ಕೆ ಇದು 450 ಮಿಲಿಗ್ರಾಂ. ಶೇ 10ರ ಸ್ಪ್ರೇಯ ಒಂದು ಒತ್ತಿಗೆ 10 ಮಿಲಿಗ್ರಾಂ, ಶೇ 4ರ ದ್ರಾವಣದ ಒಂದು ಮಿಲಿಲೀಟರಿಗೆ 40 ಮಿಲಿಗ್ರಾಂ, ಜೆಲ್ಲಿಯದ್ದು ಬೇರೆ. ಇವೆಲ್ಲವನ್ನೂ ಒಬ್ಬರು ಹಲಗೆಯ ಮೇಲೆ ಬರೆಯುತ್ತ ಹೋಗದಿದ್ದರೆ ಮಿತಿ ದಾಟಿದ್ದು ತಿಳಿಯುವುದೇ ಇಲ್ಲ. ತುಟಿಯ ಸುತ್ತ ಜುಮುಗುಟ್ಟುವುದು, ಕಿವಿ ಗುಂಯ್‌ಗುಡುವುದು, ತೊದಲು ಮಾತು ಇವು ಎಚ್ಚರಿಕೆಯ ಲಕ್ಷಣಗಳು. ಫಿಟ್ಸ್ ಬಂದರೆ ಅಥವಾ ಹೃದಯದ ಬಡಿತ ಕೆಟ್ಟರೆ ಕೊಡಬೇಕಾದ ಶೇ 20ರ ಲಿಪಿಡ್ ದ್ರಾವಣ, ಮೊದಲ ಡೋಸ್ ಕಿಲೋಗೆ 1.5 ಮಿಲಿಲೀಟರ್, ಅದೇ ಕೊಠಡಿಯಲ್ಲಿರಬೇಕು.

ಪೂರ್ತಿ ನಿದ್ದೆಗೆ ಜಾರಿಸದಷ್ಟು ಶಮನಕ್ಕೆ ಡೆಕ್ಸ್‌ಮೆಡೆಟೊಮಿಡಿನ್ ಕಿಲೋಗೆ 1 ಮೈಕ್ರೋಗ್ರಾಂ, ಹತ್ತು ನಿಮಿಷಗಳಲ್ಲಿ ನಿಧಾನವಾಗಿ ಕೊಡುವುದು ಒಳ್ಳೆಯದು. ಮರಗಟ್ಟಿಸುವಿಕೆ ಸಾಲದೆ ಹೋದಾಗ ಶಮನಕಾರಿಯನ್ನು ಹೆಚ್ಚಿಸಿ ಸರಿದೂಗಿಸುವ ಪ್ರವೃತ್ತಿ ಅಪಾಯಕರ.

ವಿಡಿಯೋ ಲ್ಯಾರಿಂಗೋಸ್ಕೋಪ್ ಬಂದ ಮೇಲೆ ಬಳುಕುವ ಫೈಬರ್‌ಆಪ್ಟಿಕ್ ದರ್ಶಕದ ಅಗತ್ಯವಿದೆಯೇ?

ಇದೆ, ಆದರೆ ಮೊದಲಿನಷ್ಟು ರೋಗಿಗಳಲ್ಲಿ ಅಲ್ಲ. ವಿಡಿಯೋ ಲ್ಯಾರಿಂಗೋಸ್ಕೋಪಿನಲ್ಲಿ ಕ್ಯಾಮೆರಾ ಬ್ಲೇಡಿನ ತುದಿಯ ಬಳಿಯೇ ಇರುವುದರಿಂದ ಕಣ್ಣು ಗಂಟಲೊಳಗೆ ಇಳಿದಂತಾಗುತ್ತದೆ; ಕುತ್ತಿಗೆಯನ್ನು ನೇರ ಮಾಡಬೇಕಾದ ಅವಶ್ಯಕತೆ ಬಹಳ ಮಟ್ಟಿಗೆ ತಪ್ಪುತ್ತದೆ. ಅಪಘಾತದ ರೋಗಿಯಲ್ಲಿ, ಗಂಟಲಲ್ಲಿ ರಕ್ತವಿರುವಾಗ, ನಾನು ಆರಿಸಿಕೊಳ್ಳುವುದು ಇದನ್ನೇ, ಏಕೆಂದರೆ ಒಂದು ಹನಿ ರಕ್ತ ಅಂಟಿದರೂ ಫೈಬರ್‌ಆಪ್ಟಿಕ್ ದರ್ಶಕದಲ್ಲಿ ಕೆಂಪು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಆದರೆ ಪರದೆಯ ಮೇಲೆ ಧ್ವನಿತಂತು ಚೆನ್ನಾಗಿ ಕಂಡರೂ ಕೊಳವೆ ಅಲ್ಲಿಗೆ ತಲುಪದೆ ಹೋಗುವುದು ಈ ಉಪಕರಣದ ಹೊಸ ತಲೆನೋವು. ಹೆಚ್ಚು ಬಾಗಿದ ಬ್ಲೇಡ್ ಬಳಸುವಾಗ ಕೊಳವೆಯೊಳಗೆ ಅದೇ ಬಾಗಿನ ಸ್ಟೈಲೆಟ್ (ಆಕಾರ ಕೊಡುವ ಒಳತಂತಿ) ಇರಬೇಕು, ಬ್ಲೇಡನ್ನು ತೀರಾ ಒಳಕ್ಕೆ ತಳ್ಳದೆ ಸ್ವಲ್ಪ ಹಿಂದಕ್ಕೆ ಹಿಡಿಯಬೇಕು, ಕೊಳವೆ ಬಾಯಿಯಲ್ಲಿ ಹೋಗುವಾಗ ಪರದೆಯನ್ನಲ್ಲ, ರೋಗಿಯ ಬಾಯಿಯನ್ನು ನೋಡಬೇಕು. ಅಂಗುಳಕ್ಕೆ ಗಾಯವಾಗುವುದು ಇದನ್ನು ಮರೆತಾಗ. ಬಾಯಿ ಎರಡು ಬೆರಳಿಗಿಂತ ಕಡಿಮೆ ತೆರೆಯುವವರಲ್ಲಿ, ಗದ್ದ ಎದೆಗೆ ತಾಗಿ ಹಿಡಿಕೆಯೇ ಒಳಹೋಗದವರಲ್ಲಿ ಮೂಗಿನ ಮೂಲಕ ಹೋಗುವ ಬಳುಕುವ ದರ್ಶಕಕ್ಕೆ ಈಗಲೂ ಸಾಟಿಯಿಲ್ಲ. ತಲೆಬುರುಡೆಯ ತಳ ಮುರಿದಿರುವ ಶಂಕೆ ಇದ್ದರೆ ಮಾತ್ರ ಮೂಗಿನ ದಾರಿ ಬೇಡ.

ತಾಲ್ಲೂಕು ಆಸ್ಪತ್ರೆಯಲ್ಲಿ ಇವೆರಡೂ ಇಲ್ಲದಿದ್ದರೆ?

ಶಸ್ತ್ರಚಿಕಿತ್ಸೆ ತುರ್ತಿನದ್ದಲ್ಲದಿದ್ದರೆ ಉಪಕರಣವೂ ಅಭ್ಯಾಸವೂ ಇರುವ ಕಡೆಗೆ ಕಳುಹಿಸುವುದೇ ಸರಿ. ಇದನ್ನು ಕೈಲಾಗದತನ ಎಂದು ಭಾವಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಹಾಗೆ ಭಾವಿಸುವುದು ತಪ್ಪು. ತುರ್ತಾಗಿದ್ದರೆ, ನರ ಮರಗಟ್ಟಿಸಿ ಅಥವಾ ಆ ಜಾಗಕ್ಕಷ್ಟೇ ಚುಚ್ಚುಮದ್ದು ಕೊಟ್ಟು ಕೆಲಸ ಮುಗಿಯುತ್ತದೆಯೇ ಎಂದು ನೋಡಬೇಕು. ಆದರೆ ಬೆನ್ನಿಗೆ ಚುಚ್ಚಿದರೆ ಶ್ವಾಸನಾಳದ ಚಿಂತೆ ತಪ್ಪಿತು ಎಂಬ ನಂಬಿಕೆ ಅರ್ಧಸತ್ಯ: ಬೆನ್ನುಮೂಳೆ ಬೆಸೆದುಕೊಂಡವರಲ್ಲಿ ಸೂಜಿಯೇ ಹೋಗದಿರಬಹುದು, ಹೋದರೂ ಮರಗಟ್ಟುವಿಕೆ ಎದೆಯ ಮೇಲಕ್ಕೆ ಏರಿ ಉಸಿರಿಗೇ ತೊಂದರೆಯಾಗಬಹುದು. ಆಗ ಬೇಕಾಗುವ ಯೋಜನೆ ಮೊದಲೇ ಸಿದ್ಧವಿರಬೇಕು.

ಕಡಿಮೆ ವೆಚ್ಚದ ಸಾಧನಗಳಲ್ಲಿ ಬೂಜಿ ಮತ್ತು ಎರಡನೆಯ ಪೀಳಿಗೆಯ ಲ್ಯಾರಿಂಜಿಯಲ್ ಮಾಸ್ಕ್ (ಧ್ವನಿಪೆಟ್ಟಿಗೆಯ ಮೇಲೆ ಕೂತು ಗಾಳಿ ಕೊಡುವ ಸಾಧನ) ಪ್ರತಿ ಓಟಿಯಲ್ಲೂ ಇರಲೇಬೇಕು. ಕುತ್ತಿಗೆಯ ಮುಂಭಾಗದಿಂದ ಸೂಜಿ ಚುಚ್ಚಿ ತಂತಿಯನ್ನು ಬಾಯಿಗೆ ತಂದು ಅದರ ಮೇಲೆ ಕೊಳವೆ ಇಳಿಸುವ ಹಿಮ್ಮುಖ ವಿಧಾನವನ್ನು 1963ರಲ್ಲಿ ನೈಜೀರಿಯಾದಲ್ಲಿ ವಾಟರ್ಸ್ ಎಂಬ ವೈದ್ಯರು, ಮುಖದ ಮಾಂಸ ಕೊಳೆತು ಬಾಯಿ ಬಿಗಿದ ರೋಗಿಗಳಿಗಾಗಿ ಬಳಕೆಗೆ ತಂದರು. ಎಪಿಡ್ಯೂರಲ್ ಸೂಜಿ ಮತ್ತು ಕ್ಯಾಥೆಟರಿನಿಂದಲೇ ಅದನ್ನು ಮಾಡಬಹುದು, ಆದರೆ ಕಲಿತವರ ಕೈಯಲ್ಲಿ ಮಾತ್ರ. ಎಚ್ಚರವಿರುವಾಗಲೇ ಆ ಜಾಗ ಮರಗಟ್ಟಿಸಿ ಟ್ರೇಕಿಯಾಸ್ಟಮಿ (ಕುತ್ತಿಗೆ ಕೊಯ್ದು ಶ್ವಾಸನಾಳಕ್ಕೆ ನೇರ ದಾರಿ) ಮಾಡುವುದನ್ನು ಸೋಲು ಎಂದು ಎಣಿಸಬೇಕಿಲ್ಲ. ಕೆಲವರಿಗೆ ಅದೇ ಮೊದಲ ಆಯ್ಕೆ.

ಸುಟ್ಟಗಾಯದಿಂದ ಗದ್ದ ಎದೆಗೆ ಅಂಟಿರುವವರಿಗೆ ಏನು ಮಾಡುತ್ತೀರಿ?

ಸೀಮೆಎಣ್ಣೆ ಸ್ಟೌ, ಬೆಂಕಿ, ಆ್ಯಸಿಡ್, ಇವುಗಳಿಗೆ ಸಿಕ್ಕಿ ಬದುಕುಳಿದವರು ತಿಂಗಳುಗಳ ನಂತರ ಕುತ್ತಿಗೆ ಬಿಡಿಸಿಕೊಳ್ಳಲು ಬರುತ್ತಾರೆ. ಇವರಲ್ಲಿ ಮೂಳೆ ಕೀಲುಗಳು ಚೆನ್ನಾಗಿಯೇ ಇರುತ್ತವೆ, ಬಿಗಿದಿರುವುದು ಚರ್ಮ ಮಾತ್ರ. ಹೀಗಾಗಿ ಇಲ್ಲಿ ಬೇರೆ ಯಾವ ಗುಂಪಿನಲ್ಲೂ ಇಲ್ಲದ ಒಂದು ಅನುಕೂಲವಿದೆ: ಶಸ್ತ್ರಚಿಕಿತ್ಸಕರೇ ಮೊದಲು ದಾರಿ ಮಾಡಿಕೊಡಬಹುದು. ಅಡ್ರಿನಲಿನ್ ಬೆರೆಸಿ ತೆಳುಮಾಡಿದ ಲಿಗ್ನೋಕೇಯ್ನನ್ನು ಪಟ್ಟಿಯಂತೆ ಬಿಗಿದ ಚರ್ಮದಡಿ ಧಾರಾಳವಾಗಿ ತುಂಬಿ, ಅಗತ್ಯವಿದ್ದರೆ ಸ್ವಲ್ಪ ಕೆಟಮಿನ್ ಕೊಟ್ಟು, ರೋಗಿ ತಾನೇ ಉಸಿರಾಡುತ್ತಿರುವಾಗಲೇ ಪಟ್ಟಿಯನ್ನು ಅಡ್ಡಲಾಗಿ ಕೊಯ್ಯುತ್ತಾರೆ. ಚಾಕು ಆಳಕ್ಕಿಳಿದಂತೆ ತಲೆ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಕೆಲವು ನಿಮಿಷಗಳಲ್ಲಿ ಮಾಮೂಲಿ ಲ್ಯಾರಿಂಗೋಸ್ಕೋಪಿಗೆ ಸಾಲುವಷ್ಟು ಜಾಗ ಸಿಕ್ಕ ಮೇಲೆ ಕೊಳವೆ ಹಾಕಿ, ಉಳಿದ ಕೆಲಸವನ್ನೂ ಚರ್ಮ ಕಸಿಯನ್ನೂ ಪೂರ್ಣ ಅರಿವಳಿಕೆಯಲ್ಲಿ ಮುಗಿಸುತ್ತಾರೆ. ಶಸ್ತ್ರಚಿಕಿತ್ಸಕರೊಡನೆ ಹಿಂದಿನ ದಿನವೇ ಮಾತಾಡಿಕೊಂಡಿರಬೇಕು ಎಂಬುದನ್ನು ಬಿಟ್ಟರೆ ಇದಕ್ಕೆ ದುಬಾರಿಯಾದದ್ದೇನೂ ಬೇಕಿಲ್ಲ. ದುಬಾರಿ ದರ್ಶಕದ ಹಿಂದೆ ಬಿದ್ದು ಈ ಸರಳ ವಿಧಾನವನ್ನು ಮರೆಯುತ್ತಿದ್ದೇವೆಯೇ ಎಂಬ ಅನುಮಾನ ನನಗಿದೆ.

ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರಲ್ಲಿ ವಿಶೇಷವಾಗಿ ಏನನ್ನು ಗಮನಿಸಬೇಕು?

ತಲೆ ಮೇಜಿಗೆ ತಾಗದೆ ಗಾಳಿಯಲ್ಲಿ ನಿಂತಿದ್ದರೆ ಅದನ್ನು ಒತ್ತಿ ಕೂರಿಸಬಾರದು. ತಲೆ ಎಲ್ಲಿದೆಯೋ ಅಲ್ಲಿಯವರೆಗೆ ದಿಂಬು, ಮಡಿಸಿದ ಬಟ್ಟೆ ಜೋಡಿಸಿ ಆಸರೆ ಕೊಡಬೇಕು. ಇವರ ಮೂಳೆ ಗಟ್ಟಿಯಂತೆ ಕಂಡರೂ ಪೆಡಸು, ಅಲ್ಪ ಬಲಕ್ಕೇ ಕೆಳಗಿನ ಕುತ್ತಿಗೆಯಲ್ಲಿ ಮುರಿಯುತ್ತದೆ. ಮುರಿದ ಮೇಲೆ ಬರುವವರಿಗೆ ಕಾಲರ್ ಹಾಕಿ ನೇರ ಮಲಗಿಸುವುದೂ ಅಪಾಯ, ಏಕೆಂದರೆ ಅವರ ಕುತ್ತಿಗೆಯ ಸಹಜ ಸ್ಥಿತಿಯೇ ಬಾಗಿದ್ದು. ದವಡೆಯ ಕೀಲು, ಎದೆಗೂಡಿನ ಕೀಲುಗಳೂ ಬಿಗಿದಿರುವುದರಿಂದ ಬಾಯಿ ಕಡಿಮೆ ತೆರೆಯುತ್ತದೆ, ಉಸಿರಿನ ಮೀಸಲೂ ಕಡಿಮೆ. ಎಚ್ಚರವಿರುವಾಗಲೇ ಕೊಳವೆ ಹಾಕುವುದನ್ನು ಇವರಲ್ಲಿ ಬಹುತೇಕ ನಿಯಮವೆಂದೇ ಇಟ್ಟುಕೊಳ್ಳಬಹುದು.

ಮೈ ಸಡಿಲಿಸುವ ಔಷಧವಾದ ಸಕ್ಸಿನೈಲ್‌ಕೋಲಿನ್ ಬಳಸಬಹುದೇ?

ಬೆನ್ನುಹುರಿಗೆ ಪೆಟ್ಟಾದ ಮೊದಲ 48 ಗಂಟೆಗಳಲ್ಲಿ, ದೊಡ್ಡ ಸುಟ್ಟಗಾಯವಾದ ಮೊದಲ 24 ಗಂಟೆಗಳಲ್ಲಿ ಬಳಸಬಹುದು. ಆ ಬಳಿಕ ತಿಂಗಳುಗಟ್ಟಲೆ ಬೇಡ. ರಕ್ತದಲ್ಲಿ ಪೊಟ್ಯಾಸಿಯಂ ಹಠಾತ್ತನೆ ಏರಿ ಹೃದಯ ನಿಲ್ಲಬಹುದು. ಬದಲಿಗೆ ರೊಕುರೋನಿಯಂ ಕಿಲೋಗೆ 1.2 ಮಿಲಿಗ್ರಾಂ. ಅದರ ಪರಿಣಾಮವನ್ನು ಸುಗಮಡೆಕ್ಸ್‌ನಿಂದ ಅಳಿಸಬಹುದಾದರೂ, ಸ್ನಾಯುಗಳ ಬಲ ಮರಳಿದ ಮಾತ್ರಕ್ಕೆ ಊದಿಕೊಂಡ ಗಂಟಲು ತೆರೆದುಕೊಳ್ಳುವುದಿಲ್ಲ. ಎದೆಯ ಆರನೆಯ ಕಶೇರುಕಕ್ಕಿಂತ ಮೇಲೆ ಹುರಿಗೆ ಪೆಟ್ಟಾದವರಲ್ಲಿ ಲ್ಯಾರಿಂಗೋಸ್ಕೋಪ್ ಇಟ್ಟ ಕೂಡಲೇ ನಾಡಿ ಕುಸಿಯಬಹುದಾದ್ದರಿಂದ ಅಟ್ರೊಪಿನ್ ಸಿರಿಂಜಿನಲ್ಲಿ ತುಂಬಿರಲಿ.

ಅರಿವಳಿಕೆ ಕೊಟ್ಟ ಮೇಲೆ ಕೊಳವೆ ಹೋಗದಿದ್ದರೆ?

ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ 2016ರಲ್ಲಿ ಪ್ರಕಟಿಸಿದ ಮಾರ್ಗಸೂಚಿಗಳು ಈ ಹಂತಗಳನ್ನು ನಮ್ಮ ದೇಶದ ಪರಿಸ್ಥಿತಿಗೆ ಹೊಂದಿಸಿ ಹೇಳಿವೆ. ಪ್ರಯತ್ನದ ಉದ್ದಕ್ಕೂ ಮೂಗಿನ ಮೂಲಕ ಆಮ್ಲಜನಕ ಹರಿಯುತ್ತಿರಬೇಕು. ಲ್ಯಾರಿಂಗೋಸ್ಕೋಪಿಯ ಪ್ರಯತ್ನ ಮೂರನ್ನು ಮೀರಬಾರದು, ಅದೂ ಆಮ್ಲಜನಕ ಶೇ 95ಕ್ಕಿಂತ ಕೆಳಗಿಳಿಯದೆ ಇದ್ದರೆ ಮಾತ್ರ. ಆಮೇಲೆ ಲ್ಯಾರಿಂಜಿಯಲ್ ಮಾಸ್ಕಿನಂಥ ಸಾಧನ. ಅದೂ ಆಗದೆ ಮಾಸ್ಕಿನಲ್ಲೂ ಗಾಳಿ ಹೋಗದಿದ್ದರೆ ಕುತ್ತಿಗೆಯ ಮುಂಭಾಗದಿಂದ ದಾರಿ. ಇದಕ್ಕೆ 10ನೇ ಸಂಖ್ಯೆಯ ಬ್ಲೇಡ್, ಬೂಜಿ, 6ನೇ ಸಂಖ್ಯೆಯ ಕೊಳವೆ, ಈ ಮೂರು ಒಂದೇ ಪೊಟ್ಟಣದಲ್ಲಿರಬೇಕು. ತೊಂದರೆ ಇರುವುದು ಕೈಯಲ್ಲಲ್ಲ, ತೀರ್ಮಾನದಲ್ಲಿ. ‘ಇನ್ನೊಂದು ಸಲ ನೋಡೋಣ’ ಎನ್ನುತ್ತಲೇ ಸಮಯ ಕಳೆದುಹೋಗುತ್ತದೆ. ಆದ್ದರಿಂದ ಮಾನಿಟರ್ ನೋಡುತ್ತಿರುವ ಟೆಕ್ನೀಷಿಯನ್ ಅಥವಾ ದಾದಿ ಆಮ್ಲಜನಕದ ಅಂಕಿಯನ್ನೂ ಪ್ರಯತ್ನದ ಸಂಖ್ಯೆಯನ್ನೂ ಗಟ್ಟಿಯಾಗಿ ಹೇಳಲು ಅವರಿಗೆ ಮೊದಲೇ ಅನುಮತಿ ಕೊಟ್ಟಿರಬೇಕು.

ಮಕ್ಕಳಿಗೆ ಎಚ್ಚರದಲ್ಲಿ ಹಾಕಲಾಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಸೆವೊಫ್ಲುರೇನ್ ಮೂಸಿಸಿ ಮಲಗಿಸಿ, ಉಸಿರು ನಿಲ್ಲಿಸದೆ, ಲ್ಯಾರಿಂಜಿಯಲ್ ಮಾಸ್ಕಿನೊಳಗಿಂದ ಸಣ್ಣ ದರ್ಶಕ ಇಳಿಸಿ ಕೊಳವೆ ಹಾಕುತ್ತಾರೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಮೊದಲೆರಡು ಕಶೇರುಕಗಳ ಕಟ್ಟು ಸಡಿಲವಾಗಿರಬಹುದಾದ್ದರಿಂದ, ಕುತ್ತಿಗೆ ಚೆನ್ನಾಗಿ ಆಡುತ್ತದೆ ಎಂಬುದನ್ನೇ ಸಮಾಧಾನವೆಂದು ತೆಗೆದುಕೊಳ್ಳಬಾರದು.

ಕೊಳವೆ ತೆಗೆಯುವಾಗಲೂ ಅಪಾಯವಿದೆಯೇ?

ಖಂಡಿತ ಇದೆ, ಮತ್ತು ಇದಕ್ಕೆ ಸಿಗಬೇಕಾದ ಗಮನ ಸಿಗುವುದಿಲ್ಲ. ಹಾಕುವಾಗ ಇದ್ದ ಬಿಗಿತ ಹಾಗೆಯೇ ಇರುತ್ತದೆ, ಜೊತೆಗೆ ಈಗ ಊತ, ರಕ್ತ, ಕೆಲವೊಮ್ಮೆ ಹೊಸದಾಗಿ ಹಾಕಿದ ಪ್ಲೇಟ್ ಅಥವಾ ತಲೆ ಅಲುಗದಂತೆ ಹಿಡಿಯುವ ಹ್ಯಾಲೋ ಚೌಕಟ್ಟು ಸೇರಿರುತ್ತದೆ. ರೋಗಿ ಪೂರ್ತಿ ಎಚ್ಚರಗೊಂಡು ಹೇಳಿದ್ದನ್ನು ಮಾಡುವವರೆಗೆ ತೆಗೆಯಬಾರದು. ಕಫ್‌ನ (ಕೊಳವೆಯ ಸುತ್ತಲಿನ ಗಾಳಿಚೀಲದ) ಗಾಳಿ ತೆಗೆದಾಗ ಕೊಳವೆಯ ಪಕ್ಕದಿಂದ ಗಾಳಿ ಸೋರದಿದ್ದರೆ ಒಂದು ರಾತ್ರಿ ಐಸಿಯುನಲ್ಲಿ ಕಾಯುವುದು ಲೇಸು. ಸಂಶಯ ಇದ್ದಾಗ ಕೊಳವೆ ತೆಗೆದರೂ ಅದರೊಳಗಿನ ತೆಳು ಎಕ್ಸ್‌ಚೇಂಜ್ ಕ್ಯಾಥೆಟರನ್ನು ಸ್ವಲ್ಪ ಹೊತ್ತು ಹಾಗೆಯೇ ಬಿಡಬಹುದು.

ಕುತ್ತಿಗೆಯ ಮುಂಭಾಗದಿಂದ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಆದವರಲ್ಲಿ, ಗಂಟೆಗಳ ಬಳಿಕ ಒಳಗೆ ರಕ್ತ ಶೇಖರವಾಗಿ ಶ್ವಾಸನಾಳ ಒತ್ತಿಹೋಗಬಹುದು. ನುಂಗಲು ಕಷ್ಟ, ದನಿ ಬದಲಾವಣೆ, ಕುತ್ತಿಗೆ ಉಬ್ಬುವುದು, ಮಲಗಲಾರದೆ ಎದ್ದು ಕೂರುವುದು ಇವುಗಳಲ್ಲಿ ಯಾವುದು ಕಂಡರೂ ದಾದಿಯರು ವೈದ್ಯರನ್ನು ಕರೆಸಬೇಕು. ಉಸಿರು ಕಟ್ಟುತ್ತಿದ್ದರೆ ಓಟಿಗೆ ಸಾಗಿಸಲು ಕಾಯದೆ ಹಾಸಿಗೆಯಲ್ಲೇ ಹೊಲಿಗೆ ಬಿಚ್ಚಿ ರಕ್ತ ಹೊರಬಿಡಬೇಕಾಗುತ್ತದೆ.

ಮುಂದೆ ಬೇರೆ ಆಸ್ಪತ್ರೆಗೆ ಹೋದಾಗ ರೋಗಿ ಏನು ಹೇಳಬೇಕು?

‘ಅರಿವಳಿಕೆ ಕೊಡುವಾಗ ಸ್ವಲ್ಪ ಕಷ್ಟ ಆಯಿತಂತೆ’ ಎಂಬ ಮಾತಿನಿಂದ ಮುಂದಿನ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಡಿಸ್ಚಾರ್ಜ್ ಸಾರಾಂಶದ ಜೊತೆ ಅರಿವಳಿಕೆ ತಜ್ಞರಿಂದ ಪ್ರತ್ಯೇಕ ಪತ್ರವೊಂದನ್ನು ಕೇಳಿ ಪಡೆಯಿರಿ. ಕೇಳಲು ಸಂಕೋಚ ಬೇಡ. ಅದರಲ್ಲಿ ಮಾಸ್ಕಿನಿಂದ ಗಾಳಿ ಹೋಗುತ್ತಿತ್ತೇ, ಯಾವ ಉಪಕರಣದಿಂದ ಏನು ಕಂಡಿತು, ಎಷ್ಟು ಪ್ರಯತ್ನ ಬೇಕಾಯಿತು, ಕೊನೆಗೆ ಯಾವ ವಿಧಾನದಿಂದ ಯಾವ ಅಳತೆಯ ಕೊಳವೆ ಹೋಯಿತು ಎಂಬುದು ದಿನಾಂಕದೊಂದಿಗೆ ಇರಬೇಕು. ಆ ಪತ್ರದ ಫೋಟೊವನ್ನು ನಿಮ್ಮ ಮೊಬೈಲಿನಲ್ಲೂ ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ, ಮತ್ತು ಹಲ್ಲು ಕೀಳಿಸುವುದರಂಥ ಸಣ್ಣ ಚಿಕಿತ್ಸೆಗೆ ಹೋದರೂ ಅರಿವಳಿಕೆಯ ಮಾತು ಬಂದ ಕೂಡಲೇ ತೋರಿಸಿ.